ಮುಟ್ಟದೆ ಹಾದುಹೋಗುವುದು

ಕಳೆದ ವರ್ಷ ಒಂದು ಪದವಿ ಕಾಲೇಜಿನವರು ವಿಜ್ಞಾನ ದಿನಾಚರಣೆಗೆ ಕರೆದಿದ್ದರು. ನ್ಯೂಟ್ರಿನೊ ಎಂಬ ಕಣದ ಬಗ್ಗೆ ಕನ್ನಡದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಯಲ್ಲಿ ವಂದನಾರ್ಪಣೆಗೆ ಎದ್ದ ಕನ್ನಡ ಮೇಷ್ಟ್ರು, "ಎಲ್ಲದರ ಒಳಗೂ ಹಾದುಹೋಗಿ ಯಾವುದಕ್ಕೂ ಅಂಟಿಕೊಳ್ಳದ ಈ ಕಣ ತಾವರೆ ಎಲೆಯ ಮೇಲಿನ ನೀರಿನ ಹಾಗೆ. ನಮ್ಮ ಹಿರಿಯರು ಹೇಳಿದ ನಿರ್ಲಿಪ್ತತೆ ಇದೇ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಲೆಯಾಡಿಸಿದೆ. ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದ ಮೇಲೆ ಆ ಮಾತು ಕೊರೆಯತೊಡಗಿತು. ಹೋಲಿಕೆ ಚೆನ್ನಾಗಿತ್ತು, ಆದರೆ ಎಲ್ಲೋ ತಪ್ಪಿತ್ತು. ಎಲ್ಲಿ ಎಂದು ಹೇಳಲು ಮಾತ್ರ ನನಗಾಗಲಿಲ್ಲ.

ನಾನು ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನ್ಯೂಟ್ರಿನೊ ಒಂದು ಪರಮಾಣುವಿನ ನ್ಯೂಕ್ಲಿಯಸ್ಸಿಗೆ ತಾಗಿದಾಗ ಏನೇನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅಂದರೆ 'ಮುಟ್ಟುವುದು' ಎಂಬ ಒಂದೇ ಕ್ರಿಯಾಪದದ ಜೊತೆ ದಿನವಿಡೀ ಏಗುತ್ತೇನೆ. ಆ ಪದ ನನಗೆ ಪೂರ್ತಿ ಗೊತ್ತಿಲ್ಲ ಎಂದು ತಿಳಿದದ್ದು ಪ್ರಯೋಗಾಲಯದಲ್ಲಲ್ಲ, ಕೆ.ಜಿ.ಎಫ್.ನ ಒಂದು ಮನೆಯಲ್ಲಿ. ಅಲ್ಲಿಗೆ ಹೋಗುವ ಮೊದಲು ಕಣದ ಕತೆ ಹೇಳಬೇಕು.

ಮೇಜಿನ ಮೇಲೆ ಕೈ ಇಟ್ಟರೆ ಮೇಜನ್ನು ಮುಟ್ಟಿದೆವು ಎನ್ನುತ್ತೇವೆ. ಅಲ್ಲಿ ನಡೆಯುವುದು ಇಷ್ಟು: ಕೈಯ ಪರಮಾಣುಗಳಲ್ಲಿರುವ ಎಲೆಕ್ಟ್ರಾನುಗಳು ಮತ್ತು ಮೇಜಿನ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತವೆ, ತಮ್ಮ ಜಾಗಕ್ಕೆ ಇನ್ನೊಂದನ್ನು ಬರಗೊಡುವುದಿಲ್ಲ. ಆ ತಳ್ಳಾಟವೇ ನಮಗೆ ಗಟ್ಟಿತನ. ನ್ಯೂಟ್ರಿನೊಗೆ ವಿದ್ಯುದಾವೇಶ ಇಲ್ಲ, ಹಾಗಾಗಿ ಅದರ ಪಾಲಿಗೆ ಗೋಡೆ ಎನ್ನುವುದೂ ಇಲ್ಲ. ನ್ಯೂಕ್ಲಿಯಸ್ಸನ್ನು ಹಿಡಿದಿಟ್ಟ ಪ್ರಬಲ ಬಲವೂ ಅದಕ್ಕೆ ತಾಗದು. ಗುರುತ್ವವನ್ನು ಬಿಟ್ಟರೆ ಅದಕ್ಕೆ ಉಳಿದಿರುವ ದಾರಿ ದುರ್ಬಲ ಬಲ ಒಂದೇ. ಈ ಬಲವನ್ನು ಸಾಗಿಸುವ ಡಬ್ಲ್ಯು ಮತ್ತು ಝಡ್ ಕಣಗಳು ಪ್ರೋಟಾನಿಗಿಂತ 80 ಪಟ್ಟಿಗೂ ಹೆಚ್ಚು ಭಾರ. ಅಷ್ಟು ಭಾರದ ದೂತರು ಹೆಚ್ಚು ದೂರ ಹೋಗಲಾರರು. ಪ್ರೋಟಾನಿನ ಅಗಲದ ಸಾವಿರದ ಒಂದು ಪಾಲಿನಷ್ಟು ಹತ್ತಿರಕ್ಕೆ ಬಂದರೆ ಮಾತ್ರ ನ್ಯೂಟ್ರಿನೊಗೆ ಇನ್ನೊಂದು ಕಣ 'ಸಿಕ್ಕಿತು' ಎನ್ನಬಹುದು. ಪರಮಾಣುವಿನ ಒಳಗೆಲ್ಲ ಬಯಲೇ ಹೆಚ್ಚಿರುವಾಗ ಹಾಗೆ ಸಿಗುವುದು ತೀರಾ ಅಪರೂಪ.

ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ. ರಾತ್ರಿಯಾದರೂ ನಿಲ್ಲುವುದಿಲ್ಲ, ಆಗ ಭೂಮಿಯನ್ನೇ ತೂರಿಕೊಂಡು ಮಂಚದ ಕೆಳಗಿನಿಂದ ಬರುತ್ತವೆ. ಅವುಗಳಲ್ಲಿ ಅರ್ಧದಷ್ಟನ್ನು ತಡೆಯಬೇಕೆಂದರೆ ಹೆಚ್ಚುಕಡಿಮೆ ಒಂದು ಜ್ಯೋತಿರ್ವರ್ಷ ದಪ್ಪದ ಸೀಸದ ಗೋಡೆ ಬೇಕು. 1930ರ ಡಿಸೆಂಬರಿನಲ್ಲಿ ವೋಲ್ಫ್‌ಗಾಂಗ್ ಪೌಲಿ ಈ ಕಣವನ್ನು ಊಹಿಸಿದ್ದು ಕಂಡದ್ದರಿಂದಲ್ಲ, ಲೆಕ್ಕದಲ್ಲಿ ಕಡಿಮೆ ಬಿದ್ದದ್ದರಿಂದ. ಬೀಟಾ ಕ್ಷಯದಲ್ಲಿ ಪ್ರತಿ ಬಾರಿಯೂ ಒಂದಿಷ್ಟು ಶಕ್ತಿ ಎಲ್ಲೋ ಕಾಣೆಯಾಗುತ್ತಿತ್ತು. ಯಾರೋ ಕಣ್ಣಿಗೆ ಬೀಳದೆ ಅದನ್ನು ಒಯ್ಯುತ್ತಿರಬೇಕು ಎಂದು ಅವರು ತರ್ಕಿಸಿದರು. 1934ರಲ್ಲಿ ಬೆಥೆ ಮತ್ತು ಪೈರ್ಲ್ಸ್ ಲೆಕ್ಕ ಹಾಕಿ, ಇಂಥದ್ದೊಂದು ಕಣವಿದ್ದರೂ ಅದನ್ನು ಕಾಣುವ ಪ್ರಾಯೋಗಿಕ ದಾರಿ ಇಲ್ಲ ಎಂಬ ತೀರ್ಮಾನಕ್ಕೆ ಬಂದರು.

ಇಲ್ಲಿಗೆ ನಿಲ್ಲಿಸಿದರೆ ಮೇಷ್ಟ್ರ ಮಾತು ಸರಿ. ಆದರೆ ಕತೆ ಇಲ್ಲಿಗೆ ನಿಲ್ಲುವುದಿಲ್ಲ.

1956ರಲ್ಲಿ ರೈನ್ಸ್ ಮತ್ತು ಕೋವನ್ ಅಮೆರಿಕದ ಸವಾನಾ ರಿವರ್ ಪರಮಾಣು ಸ್ಥಾವರದ ಪಕ್ಕದಲ್ಲಿ ನೀರಿನ ತೊಟ್ಟಿಗಳನ್ನಿಟ್ಟು ಕಾದರು. ಲಕ್ಷ ಕೋಟಿಗಳ ಲೆಕ್ಕದಲ್ಲಿ ಹಾದುಹೋಗುತ್ತಿದ್ದ ಪ್ರತಿ-ನ್ಯೂಟ್ರಿನೊಗಳಲ್ಲಿ ಗಂಟೆಗೆ ಸುಮಾರು ಮೂರು ನೀರಿನ ಪ್ರೋಟಾನುಗಳಿಗೆ ತಾಗಿದವು. ತಾಗಿದಾಗ ಏನಾಗುತ್ತದೆ ಎಂಬುದನ್ನು ಗಮನಿಸಿ. ಪ್ರೋಟಾನು ನ್ಯೂಟ್ರಾನಾಗುತ್ತದೆ. ಬಂದ ಪ್ರತಿ-ನ್ಯೂಟ್ರಿನೊ ಇಲ್ಲವಾಗಿ ಅದರ ಜಾಗದಲ್ಲಿ ಪಾಸಿಟ್ರಾನ್ ಹೊರಡುತ್ತದೆ. ಇಬ್ಬರೂ ಮೊದಲಿನ ಹಾಗೆ ಉಳಿಯುವುದಿಲ್ಲ. ಸುಮ್ಮನೆ ತಳ್ಳಿ ಮುಂದೆ ಹೋಗುವ ಇನ್ನೊಂದು ಬಗೆಯ ತಾಗುವಿಕೆಯೂ ಉಂಟು. ಅದರಲ್ಲಿಯೂ ತಳ್ಳಿಸಿಕೊಂಡದ್ದು ಕದಲುತ್ತದೆ, ತಳ್ಳಿದ್ದು ದಿಕ್ಕು ಬದಲಿಸುತ್ತದೆ.

ನಮ್ಮ ಮೈಯ ವಿಷಯವನ್ನೇ ತೆಗೆದುಕೊಳ್ಳಿ. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಅಡಿಯಲ್ಲಿದ್ದ ಬೊರೆಕ್ಸಿನೊ ಪ್ರಯೋಗದವರು 2014ರಲ್ಲಿ ಪ್ರಕಟಿಸಿದ ಅಳತೆಯಂತೆ, ಸೂರ್ಯನ ಮೂಲ ಕ್ರಿಯೆಯಿಂದ ಹುಟ್ಟುವ ನ್ಯೂಟ್ರಿನೊಗಳು 100 ಟನ್ ದ್ರವದ ಎಲೆಕ್ಟ್ರಾನುಗಳಿಗೆ ದಿನಕ್ಕೆ ಸುಮಾರು 144 ಸಲ ತಾಗುತ್ತವೆ. ಇದನ್ನೇ 60 ಕಿಲೋ ತೂಕದ ಮನುಷ್ಯನಿಗೆ ಇಳಿಸಿ ನೋಡಿದೆ. ಹತ್ತು-ಹನ್ನೆರಡು ದಿನಕ್ಕೊಮ್ಮೆ ಸೂರ್ಯನ ಹೊಟ್ಟೆಯಿಂದ ನೇರವಾಗಿ ಬಂದ ಒಂದು ಕಣ ನಿಮ್ಮ ದೇಹದ ಒಂದು ಎಲೆಕ್ಟ್ರಾನನ್ನು ಅಲುಗಿಸುತ್ತದೆ. ನಿಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಇನ್ನೊಂದು ಕಡೆ ನೋಡಿದರೆ ಈ ಕಣದ 'ನಿರ್ಲಿಪ್ತತೆ' ಪೂರ್ತಿ ಕಳಚಿಬೀಳುತ್ತದೆ. ದೊಡ್ಡ ನಕ್ಷತ್ರವೊಂದು ಕೊನೆಗಾಲದಲ್ಲಿ ಒಳಕ್ಕೆ ಕುಸಿದಾಗ ಅದರ ತಿರುಳು ಎಷ್ಟು ದಟ್ಟವಾಗುತ್ತದೆಂದರೆ ನ್ಯೂಟ್ರಿನೊಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ದಾಟಬಹುದಾದಷ್ಟು ದೂರವನ್ನು ದಾಟಲು ಕೆಲವು ಸೆಕೆಂಡುಗಳೇ ಬೇಕಾಗುತ್ತವೆ. ಸಂತೆಯಲ್ಲಿ ಸಿಕ್ಕಿಕೊಂಡವನ ಹಾಗೆ ಹೆಜ್ಜೆಹೆಜ್ಜೆಗೂ ಒಬ್ಬರಿಗೆ ಡಿಕ್ಕಿ. ಆ ಡಿಕ್ಕಿಗಳಲ್ಲಿ ಅವು ಬಿಟ್ಟುಹೋಗುವ ಶಕ್ತಿಯ ಸಣ್ಣದೊಂದು ಪಾಲೇ ನಕ್ಷತ್ರದ ಹೊರಪದರಗಳನ್ನು ಸಿಡಿಸುತ್ತದೆ ಎಂಬುದು ಇಂದಿನ ಪ್ರಮುಖ ವಿವರಣೆ. 1987ರ ಫೆಬ್ರವರಿ 23ರಂದು ಅಂಥದ್ದೊಂದು ಸಾವಿನ ಸುದ್ದಿ ಭೂಮಿಗೆ ಮುಟ್ಟಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜ್ಯೋತಿರ್ವರ್ಷ ದಾಟಿ ಬಂದ ನ್ಯೂಟ್ರಿನೊಗಳಲ್ಲಿ ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟಗಳ ಉಪಕರಣಗಳಿಗೆ ತಾಗಿದ್ದು ಎಲ್ಲ ಸೇರಿ ಎರಡು ಡಜನಿನಷ್ಟು.

ಹಾಗಾದರೆ ಮುಟ್ಟದಿರುವುದು ನ್ಯೂಟ್ರಿನೊದ ಒಳಗುಣವಲ್ಲ. ಅದು ಎಲ್ಲಿದೆ, ಎಷ್ಟು ದಟ್ಟಣೆಯ ನಡುವೆ ಇದೆ, ಎದುರಿನವರು ಎಷ್ಟು ಮಂದಿ ಎಂಬುದರ ಮೇಲೆ ಎಲ್ಲ ನಿಂತಿದೆ. ಬೆಂಗಳೂರಿನ ಬಸ್ಸಿನಲ್ಲಿ ಕೂತು ನನಗೆ ಹೊಳೆದದ್ದು ಇಷ್ಟು. ಉಳಿದದ್ದು ಹೊಳೆಯಲು ರೈಲು ಹತ್ತಬೇಕಾಯಿತು.

ನ್ಯೂಟ್ರಿನೊ ಚರಿತ್ರೆಯಲ್ಲಿ ಕೋಲಾರದ ಚಿನ್ನದ ಗಣಿಗೆ ದೊಡ್ಡ ಜಾಗವಿದೆ. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್‌ಗಳೂ ನ್ಯೂಟ್ರಿನೊಗಳೂ ಹುಟ್ಟುತ್ತವೆ. ನೆಲದ ಮೇಲೆ ಮ್ಯೂಆನ್‌ಗಳ ಗದ್ದಲದಲ್ಲಿ ನ್ಯೂಟ್ರಿನೊದ ಪಿಸುಮಾತು ಕೇಳುವುದಿಲ್ಲ. ಆಳಕ್ಕೆ ಇಳಿದಷ್ಟೂ ಬಂಡೆ ಗದ್ದಲವನ್ನು ನುಂಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್ ಎಣಿಸುತ್ತ ಹೋದರು. 1960ರ ದಶಕದ ಆರಂಭದಲ್ಲಿ 2,700 ಮೀಟರಿಗೂ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೂ ದಾಖಲಾಗಲಿಲ್ಲ. ಅಷ್ಟು ಮೌನ ಸಿಕ್ಕಿದರೆ ನ್ಯೂಟ್ರಿನೊ ಕೇಳಿಸಬಹುದು ಎಂಬ ಧೈರ್ಯ ಬಂದದ್ದು ಆಗ.

1965ರಲ್ಲಿ ಮುಂಬೈ, ಒಸಾಕಾ ಮತ್ತು ಡರಮ್‌ನ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ ಸುಮಾರು 2,300 ಮೀಟರ್ ಕೆಳಗೆ ಉಪಕರಣ ಹೂಡಿದರು. ಮೆನನ್, ಶ್ರೀಕಂಠನ್, ನರಸಿಂಹಂ, ಮಿಯಾಕೆ, ವುಲ್ಫೆಂಡೇಲ್ ಆ ತಂಡದಲ್ಲಿದ್ದರು. ಎದುರುಬದುರು ಸಿಂಟಿಲೇಟರ್ ಗೋಡೆಗಳು, ನಡುವೆ ನಿಯಾನ್ ಫ್ಲಾಶ್ ಟ್ಯೂಬುಗಳ ಸಾಲು. ಮೇಲಿನಿಂದ ಬರುವ ಮ್ಯೂಆನನ್ನು ಬಂಡೆ ತಡೆಯುತ್ತದೆ. ಪಕ್ಕದಿಂದ ಅಡ್ಡಲಾಗಿ ಬಂದರೆ ಅದು ದಾಟಬೇಕಾದ ಬಂಡೆ ಇನ್ನೂ ಹೆಚ್ಚು, ಯಾವ ಮ್ಯೂಆನಿಗೂ ಆಗದ ಮಾತು. ಹೀಗಿದ್ದೂ ಅಡ್ಡಲಾಗಿ ಒಂದು ಗೆರೆ ಮಿನುಗಿದರೆ, ಹತ್ತಿರದ ಬಂಡೆಯಲ್ಲೇ ಒಂದು ನ್ಯೂಟ್ರಿನೊ ತಾಗಿ ಆ ಮ್ಯೂಆನನ್ನು ಹುಟ್ಟಿಸಿರಬೇಕು. ಹಾಗೆ ಮಿನುಗಿತು. ಅದೇ ವರ್ಷ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದನ್ನೇ ಕಂಡಿತು. ಎರಡೂ ವರದಿಗಳು ಕೆಲವೇ ವಾರಗಳ ಅಂತರದಲ್ಲಿ ಅಚ್ಚಾದವು.

ಈ ಸಂಗತಿಯನ್ನು ನಾನು ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಎರಡೂ ಕಡೆ ಆ ಬಾವಿಯನ್ನು ತೋಡಿದವರು ಯಾರು ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಣಭೇದವೇ ಕಾನೂನು, ಆಳಕ್ಕಿಳಿದು ಬಂಡೆ ಒಡೆಯುತ್ತಿದ್ದವರು ಕಪ್ಪು ಜನ. ಕೋಲಾರದಲ್ಲಿ 1880ರಿಂದ ಶುರುವಾದ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಂಥ ತಮಿಳು ಸೀಮೆಯಿಂದ, ಆಂಧ್ರದ ಗಡಿಯಿಂದ ಬಂದವರು. ಅವರಲ್ಲಿ ದೊಡ್ಡ ಪಾಲು ದಲಿತರು. ಊರು ಯಾರನ್ನು ಮುಟ್ಟುತ್ತಿರಲಿಲ್ಲವೋ ಅವರೇ ತೋಡಿದ ಆಳದಲ್ಲಿ, ಯಾವುದನ್ನೂ ಮುಟ್ಟದು ಎನಿಸಿಕೊಂಡ ಕಣ ಮುಟ್ಟಿದ್ದು ಕಂಡಿತು. ಇದನ್ನು ಚಮತ್ಕಾರದ ಮಾತಾಗಿ ಹೇಳುತ್ತಿಲ್ಲ. ನನ್ನ ಸಹಸಂಶೋಧಕಿ, ನನ್ನ ಗೆಳತಿ, ಆ ಜನರ ಮೊಮ್ಮಗಳು. ಅವಳ ತಾತ ಅರವತ್ತರ ದಶಕದಲ್ಲಿ ಚಾಂಪಿಯನ್ ರೀಫ್‌ನಲ್ಲಿ ಬಂಡೆಗೆ ಡ್ರಿಲ್ ಹಿಡಿಯುತ್ತಿದ್ದವರು.

ಕಾಲೇಜಿನ ಭಾಷಣ ಮುಗಿದ ಮೂರನೇ ವಾರ ಅವಳ ಜೊತೆ ಮಾರಿಕುಪ್ಪಂ ರೈಲು ಹತ್ತಿದೆ. ಗಣಿ ಮುಚ್ಚಿದ್ದು 2001ರಲ್ಲಿ. ಪಂಪುಗಳು ನಿಂತ ಮೇಲೆ ಆಳದಲ್ಲೆಲ್ಲ ನೀರು. ಮೇಲೆ ಬೂದುಬಣ್ಣದ ಸೈನೈಡ್ ದಿಬ್ಬಗಳು, ಗಣಿ ಕಾರ್ಮಿಕರ ಲೈನುಗಳು. ಅವರ ಮನೆ ಅಂಥದ್ದೇ ಒಂದು ಲೈನಿನಲ್ಲಿದೆ. ತಾತ ಬಾಗಿಲಲ್ಲೇ ಕೂತಿದ್ದರು. ತಮಿಳು ಬೆರೆತ ಕನ್ನಡದಲ್ಲಿ ಮಾತಿಗಿಳಿದರು.

"ಸೈನ್ಸ್‌ನೋರು ಬರ್ತಿದ್ರಪ್ಪಾ. ಪೆಟ್ಟಿಗೆ, ವೈರು ಎಲ್ಲಾ ಕೇಜಲ್ಲಿ ಇಳೀತಿತ್ತು. ಏನೋ ಹುಡುಕ್ತಾರೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಚಿನ್ನ ಅಲ್ಲ ಅಂತ ಮಾತ್ರ ಗೊತ್ತಿತ್ತು."

ಅಷ್ಟರಲ್ಲಿ ಪಾಟಿ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟರು. ನಾನು ಕೈ ಚಾಚಿದೆ. ಕೈ ಒಂದರೆ ಕ್ಷಣ ನಡುದಾರಿಯಲ್ಲಿ ನಿಂತಿತು. ಆಮೇಲೆ ಲೋಟ ಹಿಡಿದೆ, ಕುಡಿದೆ, ಮಾತು ಮುಂದುವರಿಸಿದೆ.

ಆ ಅರೆಕ್ಷಣ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮಾಲೂರು ಕಡೆಯ ನಮ್ಮೂರಿನಲ್ಲಿ, ಅಜ್ಜಿಯ ಮನೆಯ ಕೊಟ್ಟಿಗೆ ಸೂರಿಗೆ ಒಂದು ಲೋಟ ಸಿಕ್ಕಿಸಿರುತ್ತಿತ್ತು. ಕೆಲಸಕ್ಕೆ ಬಂದವರು ಅದನ್ನು ತೆಗೆದುಕೊಂಡು ಹಿಡಿದರೆ ಅಜ್ಜಿ ಮೇಲಿಂದ ನೀರೋ ಕಾಫಿಯೋ ಸುರಿಯುತ್ತಿದ್ದಳು. ಕುಡಿದು, ತೊಳೆದು, ಮತ್ತೆ ಸೂರಿಗೆ. ಅಜ್ಜಿ ಕೆಟ್ಟವಳಲ್ಲ. ಅವರ ಮನೆಯಲ್ಲಿ ಹೆರಿಗೆಯಾದರೆ ಅಕ್ಕಿ, ಬೆಲ್ಲ ಕಳಿಸುತ್ತಿದ್ದಳು. ಯಾರಿಗೂ ಒಂದು ಬಿರುಸು ಮಾತು ಆಡಿದವಳಲ್ಲ. "ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು, ಯಾರಿಗೇನು ತೊಂದರೆ?" ಎನ್ನುತ್ತಿದ್ದಳು. ಯಾರಿಗೂ ತೊಂದರೆ ಕೊಡದೆ, ಯಾರನ್ನೂ ತಾಗದೆ ಹಾದುಹೋಗುವುದು ಅವಳ ಲೆಕ್ಕದಲ್ಲಿ ಒಳ್ಳೆಯತನವೇ ಆಗಿತ್ತು. ನಾನು ಓದಿದೆ, ಬೆಂಗಳೂರಿಗೆ ಬಂದೆ, ಎಲ್ಲರ ಜೊತೆ ಕ್ಯಾಂಟೀನಿನಲ್ಲಿ ಉಂಡೆ. ಅದೆಲ್ಲ ಕಳೆದುಹೋಯಿತು ಎಂದುಕೊಂಡಿದ್ದೆ. ಕೈ ಮರೆತಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಗೆಳತಿ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು: "ನೀರು ತಗೊಳ್ಳೋಕೆ ಮುಂಚೆ ಒಂದ್ಸಲ ತಡೆದೆ ನೀನು."

"ಇಲ್ಲ" ಎಂದೆ.

"ತಡೆದೆ. ಪಾಟಿಗೂ ಗೊತ್ತಾಯ್ತು. ನಂಗೆ ಸಿಟ್ಟೇನಿಲ್ಲ. ಆದ್ರೆ ಆಗಿಲ್ಲ ಅನ್ಬೇಡ."

ನಮ್ಮ ಕೆಲಸದಲ್ಲಿ ಉಪಕರಣ ಕಂಡದ್ದನ್ನು ಅನುಕೂಲವಿಲ್ಲ ಎಂದು ಅಳಿಸಿಹಾಕುವುದು ದೊಡ್ಡ ಅಪರಾಧ. ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಮಿನುಗುವುದನ್ನು ನಂಬಿಯೇ ಈ ಶಾಸ್ತ್ರ ನಿಂತಿದೆ. ಹಾಗಿದ್ದೂ ನಾನು ಮೊದಲು ಹೇಳಿದ್ದು 'ಇಲ್ಲ' ಎಂದೇ. ಬಂಗಾರಪೇಟೆ ಬರುವ ಹೊತ್ತಿಗೆ "ಹೌದು, ತಡೆದೆ" ಎಂದೆ. ಸೂರಿನ ಲೋಟದ ಕತೆಯನ್ನೂ ಹೇಳಿದೆ. ಮೇಷ್ಟ್ರ ಮಾತನ್ನೂ ಹೇಳಿ, ಮುಟ್ಟದ ಕಣ, ಮುಟ್ಟದ ಊರು ಎಂದು ಏನೇನೋ ಹೆಣೆಯಲು ಹೋದೆ. ಅವಳು ತಡೆದಳು: "ಕಣಕ್ಕೆ ಜಾತಿ ಇಲ್ಲ ಮಾರಾಯ, ಆಯ್ಕೆನೂ ಇಲ್ಲ. ನಿನ್ನ ತಪ್ಪಿಗೆ ಅದನ್ನ ಸಾಕ್ಷಿಗೆ ಕರೀಬೇಡ."

ಅವಳ ಮಾತು ಸರಿ. ನಿಸರ್ಗ ನಮಗೆ ನೀತಿ ಹೇಳುವುದಿಲ್ಲ. ಆದರೆ ಒಂದೇ ಪದದೊಳಗೆ ನಾವು ಏನೇನನ್ನು ಬಚ್ಚಿಟ್ಟಿದ್ದೇವೆ ಎಂದು ಬಿಡಿಸಿ ನೋಡಲು ಈ ಕಣ ನನಗೆ ನೆರವಾಯಿತು. 'ಮುಟ್ಟದಿರುವುದು' ಎಂಬುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಮುಟ್ಟಲಾರದ್ದು. ಇದು ನ್ಯೂಟ್ರಿನೊ. ಅದಕ್ಕೆ ಆವೇಶವಿಲ್ಲ, ಅದರ ಬಲ ದೂರ ಹೋಗದು. ಇದರಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಎರಡನೆಯದು ಮುಟ್ಟಿಯೂ ಅಂಟಿಕೊಳ್ಳದ್ದು. ಹಿರಿಯರು ಹೇಳಿದ ನಿರ್ಲಿಪ್ತತೆ ಇದು. ತಾವರೆ ಎಲೆಯ ಮೇಲಿನ ನೀರನ್ನು ಒಮ್ಮೆ ಸರಿಯಾಗಿ ನೋಡಿ: ಆ ಹನಿ ಎಲೆಯನ್ನು ಮುಟ್ಟಿಕೊಂಡೇ ಇರುತ್ತದೆ, ಅದರ ಭಾರವನ್ನು ಎಲೆ ಹೊತ್ತಿರುತ್ತದೆ. ಹಿಡಿದುಕೊಳ್ಳುವುದಿಲ್ಲ ಎಂಬುದಷ್ಟೇ ಅಲ್ಲಿನ ಪಾಠ. ಮೇಷ್ಟ್ರು ತಪ್ಪಿದ್ದು ಇಲ್ಲಿ. ಮುಟ್ಟಲಾಗದ್ದಕ್ಕೆ ನಿರ್ಲಿಪ್ತತೆಯ ಪ್ರಶ್ನೆಯೇ ಏಳುವುದಿಲ್ಲ. ಮೂರನೆಯದು ಮುಟ್ಟಲೊಲ್ಲದ್ದು. ಕೈಯಿದೆ, ಎದುರಿಗೆ ಮನುಷ್ಯರಿದ್ದಾರೆ, ಆದರೂ ನೀರನ್ನು ಮೇಲಿಂದ ಸುರಿಯುವುದು. ಇದೊಂದು ಆಯ್ಕೆ. ಈ ಮೂರನೆಯದು ಬಹುಕಾಲ ಬದುಕಿದ್ದು ಮೊದಲೆರಡರ ಬಟ್ಟೆ ತೊಟ್ಟುಕೊಂಡು: ಒಮ್ಮೆ 'ಇದು ಸೃಷ್ಟಿನಿಯಮ, ನಮ್ಮ ಕೈಯಲ್ಲಿಲ್ಲ' ಎಂದು, ಒಮ್ಮೆ 'ನಾವು ಯಾರ ತಂಟೆಗೂ ಹೋಗುವವರಲ್ಲ' ಎಂದು. ಅಜ್ಜಿಯ 'ಯಾರಿಗೇನು ತೊಂದರೆ' ಎಂಬುದು ಈ ಎರಡನೆಯ ಬಟ್ಟೆ.

ಮುಟ್ಟಿದರೆ ಇಬ್ಬರೂ ಬದಲಾಗುತ್ತಾರೆ ಎಂಬುದನ್ನು ಮಡಿ-ಮೈಲಿಗೆಯವರೂ ಒಪ್ಪುತ್ತಾರೆ. ಆ ಬದಲಾವಣೆಗೆ ಅವರಿಟ್ಟ ಹೆಸರು ಮೈಲಿಗೆ. ನಮ್ಮ ಶಾಸ್ತ್ರದಲ್ಲಿ ಅದೇ ಬದಲಾವಣೆಗೆ ಅರಿವು ಎಂದು ಹೆಸರು. ಏನೂ ಬದಲಾಗದ ಕಡೆ ಯಾರಿಗೂ ಏನೂ ತಿಳಿಯುವುದಿಲ್ಲ. ಸೂರಿನ ಲೋಟದಿಂದ ಕುಡಿಯುತ್ತಿದ್ದ ಮನುಷ್ಯರ ಬಗ್ಗೆ ನಮ್ಮ ಮನೆಗೆ ಏನು ಗೊತ್ತಿತ್ತು? ಇಪ್ಪತ್ತು ವರ್ಷ ದಿನವೂ ಬಂದುಹೋದವರು. ಅವರ ಮಕ್ಕಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ನನ್ನ ಲೆಕ್ಕದಲ್ಲಿ ದಿನವೂ ಬರುವ ಒಂದು ಸರಳ ಸೂತ್ರವಿದೆ. ಎಷ್ಟು ಸಲ ತಾಗುವಿಕೆ ನಡೆಯುತ್ತದೆ ಎಂಬುದು ನಾಲ್ಕು ಸಂಗತಿಗಳ ಗುಣಲಬ್ಧ: ಎಷ್ಟು ಕಣ ಬರುತ್ತಿವೆ, ಎದುರಿಗೆ ಎಷ್ಟು ಪರಮಾಣುಗಳಿವೆ, ಎಷ್ಟು ಕಾಲ ಕಾಯುತ್ತೇವೆ, ಒಂದಕ್ಕೊಂದು ತಾಗುವ ಸಾಧ್ಯತೆ ಎಷ್ಟು. ಕೊನೆಯದನ್ನು ನಿಸರ್ಗ ನಿಗದಿ ಮಾಡಿದೆ, ನಾವು ಕದಲಿಸಲಾರೆವು. ಅದಕ್ಕೇ ಸಾವಿರಾರು ಟನ್ ನೀರು ತುಂಬಿ, ಎರಡು ಕಿಲೋಮೀಟರ್ ಆಳಕ್ಕಿಳಿದು, ವರ್ಷಗಟ್ಟಲೆ ಕಾಯುತ್ತೇವೆ. ಮುಟ್ಟಲಾರದ ಒಂದು ಕಣ ಮುಟ್ಟುವಂತಾಗಲಿ ಎಂದು ಇಷ್ಟೆಲ್ಲ ಪಾಡು ಪಡುವ ನಾವು, ಕೈಯೆತ್ತಿದರೆ ತಾಗುವ ದೂರದಲ್ಲಿರುವ ಮನುಷ್ಯರ ವಿಷಯದಲ್ಲಿ ಆ ಕೊನೆಯ ಸಂಖ್ಯೆಯನ್ನು ನಾವೇ ಸೊನ್ನೆಗೆ ಇಳಿಸಿ, ನಿಸರ್ಗದ ಹೆಸರು ಹೇಳಿದೆವು. ಇಳಿಸಿದವರು ನಾವಾದ್ದರಿಂದ ಏರಿಸುವ ಕೆಲಸವೂ ನಮ್ಮದೇ. ಎದುರಿನವರು ಲೋಟ ಹಿಡಿದು ಎಂದಿನಿಂದಲೋ ನಿಂತಿದ್ದಾರೆ.

ಪೊಂಗಲ್‌ಗೆ ಮತ್ತೆ ಹೋಗಿದ್ದೆ. ಪಾಟಿ ನೀರು ಕೊಟ್ಟರು. ಈ ಸಲ ಕೈ ತಡೆಯಲಿಲ್ಲ ಎಂದು ಬರೆದು ಮುಗಿಸಬಹುದು, ಅದು ನಿಜವೂ ಹೌದು. ಆದರೆ ಪೂರ್ತಿ ನಿಜ ಹೇಳಬೇಕೆಂದರೆ, ನಾನು ಆಗ ಪಾಟಿಯ ಮುಖ ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದೆ. ಅದು ಹೋಗಲು ಇನ್ನೂ ಎಷ್ಟು ಸಲ ಬರಬೇಕೋ.

ಊಟವಾದ ಮೇಲೆ ತಾತನಿಗೆ 1965ರ ಆ ಪ್ರಯೋಗವನ್ನು ನನಗೆ ಬಂದ ಹಾಗೆ ವಿವರಿಸಿದೆ. ಆಕಾಶದಿಂದ ಬಂದದ್ದು, ಬಂಡೆ ತಡೆಯದೆ ಹೋದದ್ದು, ನೀವು ಕೊರೆದ ಆಳದಲ್ಲಿ ಒಂದು ಗೆರೆ ಮಿನುಗಿದ್ದು. ತಾತ ತುಸುಹೊತ್ತು ಸುಮ್ಮನಿದ್ದು ಕೇಳಿದರು: "ಅದು ಈಗ್ಲೂ ಬರ್ತಾ ಇದೆಯಾ?"

"ಬರ್ತಾನೇ ಇದೆ ತಾತ. ಈಗಲೂ, ಇಲ್ಲೂ."

"ಕೆಳಗೆಲ್ಲಾ ನೀರು ತುಂಬಿದೆ" ಎಂದರು. "ತಾಗಿದ್ರೂ ನೋಡೋಕೆ ಯಾರೂ ಇಲ್ವಲ್ಲಪ್ಪಾ ಅಲ್ಲಿ."